ಕರಾಚಿಯ ಚೀಲಕ್ಕೊಂದು ಬೊಗಸೆ

ಮೊಯ್ದು ಕಾಕ ಓಡುವುದನ್ನು ತಣ್ಣಿಮಾನಿಯಲ್ಲಿ ಯಾರೂ ಕಂಡಿರಲಿಲ್ಲ. ಕೊಳ್ಳುವವನು ಓಡಿ ಬಂದರೆ ಮಾರುವವನು ಬೆಲೆ ಏರಿಸುತ್ತಾನೆ ಎಂಬುದು ಅವನ ಲೆಕ್ಕ. ಏಲಕ್ಕಿ, ಮೆಣಸು ಕೊಳ್ಳುತ್ತ ಊರೂರು ತಿರುಗಿಯೇ ತಲೆ ನೆರೆಸಿಕೊಂಡವನು ಅವನು. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನನಗೇನೂ ಅವಸರವಿಲ್ಲ ಎಂಬ ಹಾಗೆ ನಡೆಯುತ್ತಿದ್ದ. ಅಂಥವನು ಶಿವರಾತ್ರಿ ಹತ್ತಿರ ಬಂದಿದ್ದ ಒಂದು ಬೆಳಿಗ್ಗೆ, ಮುಂಡು ಎತ್ತಿ ಕಟ್ಟಿಕೊಂಡು, ಗದ್ದೆಯ ಏರಿ ಮೇಲೆ ಓಡಿ ಬರುವುದು ಕಂಡಾಗ, ಅಂಗಳದಲ್ಲಿ ಭತ್ತ ಹರಡುತ್ತಿದ್ದ ಪೊನ್ನಮ್ಮನಿಗೆ ಯಾರೋ ಹೋಗಿಬಿಟ್ಟರು ಎಂದೇ ಅನ್ನಿಸಿತು.

"ಎಂತ ಆತ್ ಕಾಕ? ಯಾರಿಗೆ ಎಂತ ಆತ್?"

"ಬಿಟ್ಟರು, ಪೊನ್ನಮ್ಮಕ್ಕ! ಬಿಟ್ಟೇಬಿಟ್ಟರು!"

"ಯಾರ್ನ ಬಿಟ್ಟರು? ಜೈಲಿಂದವಾ?"

"ಏಲಕ್ಕಿನ!" ಕಾಕ ಜಗಲಿಯ ಮೇಲೆ ಕುಸಿದು ಕೂತ. "ಪಡಚ್ಚೋನೇ, ದೇವರೇ, ಒಂದು ಲೋಟ ನೀರು ಕೊಡಿ ಮೊದಲು. ಕರಾಚಿಗೆ ಏಲಕ್ಕಿ ಕಳಿಸಲಿಕ್ಕೆ ಬಿಟ್ಟರಂತೆ. ಎರಡು ಸರ್ಕಾರಕ್ಕೂ ರಾಜಿ ಆಯ್ತು. ನಾಪೋಕ್ಲಿನಲ್ಲಿ ರೇಡಿಯೋದಲ್ಲೇ ಹೇಳಿದರು."

ಪೊನ್ನಮ್ಮ ನೀರು ತರಲು ಒಳಗೆ ಹೋದವಳು, ತಂಬಿಗೆ ಹಿಡಿದುಕೊಂಡು ಅಟ್ಟದ ಕಡೆ ನೋಡುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಅಟ್ಟದಲ್ಲಿ ಏಲಕ್ಕಿ ಇತ್ತು. ಈ ವರ್ಷದ್ದಿತ್ತು, ಹೋದ ವರ್ಷದ್ದರಲ್ಲೂ ಉಳಿದದ್ದಿತ್ತು. ದೇಶ ಎರಡಾದ ಮೇಲೂ ಅವರ ಮಲೆಯ ಹಸಿರು ಏಲಕ್ಕಿ ಮಂಗಳೂರಿನಿಂದ ಮಂಜಿ ಎಂಬ ಹಾಯಿ ಹಡಗು ಹತ್ತಿ ಕರಾಚಿಗೆ ಹೋಗುತ್ತಲೇ ಇತ್ತು. ಅಲ್ಲಿಯವರಿಗೆ ಚಹಾಕ್ಕೆ ಹಸಿರು ಏಲಕ್ಕಿಯೇ ಬೇಕಂತೆ. ಆಮೇಲೆ ರೂಪಾಯಿಯ ಬೆಲೆಯ ವಿಷಯಕ್ಕೆ ಎರಡು ಸರ್ಕಾರಗಳಿಗೂ ಮುನಿಸು ಬಂತು. ಅತ್ತ ಕಡೆಗೆ ಏನನ್ನೂ ಕಳಿಸುವ ಹಾಗಿಲ್ಲ ಎಂದಾಯಿತು. ಮುನಿಸಿಕೊಂಡವರು ದೂರದಲ್ಲಿದ್ದರು, ಮಾಲು ಉಳಿದದ್ದು ಇಲ್ಲಿ, ಇವರ ಅಟ್ಟದಲ್ಲಿ. ಬಣ್ಣ ತೆಗೆದು ಬಿಳಿ ಏಲಕ್ಕಿ ಮಾಡುವ ಘಟ್ಟದ ಆಚೆಯ ವ್ಯಾಪಾರಿಗಳು ಬಂದು, ಯಾವ ಏಲಕ್ಕಿಯಾದರೂ ಅವರಿಗೆ ಒಂದೇ ಆದ್ದರಿಂದ, ಬಾಯಿಗೆ ಬಂದ ಬೆಲೆ ಹೇಳಿ ಹೋಗುತ್ತಿದ್ದರು.

ಆದರೆ ಪೊನ್ನಮ್ಮನ ಎದೆ ಹೊಡೆದುಕೊಂಡದ್ದು ಅಟ್ಟದ ಮಾಲಿಗಾಗಿ ಅಲ್ಲ. ಮಲೆಗಾಗಿ.

ಮನೆಯ ಹಿಂದಿನ ಗುಡ್ಡದ ಮೇಲೆ ಅವರ ಏಲಕ್ಕಿ ಮಲೆ. ಏಲಕ್ಕಿಗೆ ನೆರಳು ಬೇಕು, ತಂಪು ಬೇಕು; ಅದಕ್ಕಾಗಿ ಹಿರಿಯರು ದೊಡ್ಡ ದೊಡ್ಡ ಮರಗಳನ್ನು ಹಾಗೇ ಬಿಟ್ಟಿದ್ದರು. ಆ ಮರಗಳ ಬುಡದಿಂದ ಒಂದು ತೋಡು ಹುಟ್ಟಿ, ಬೇಸಗೆಯಲ್ಲೂ ಬತ್ತದೆ, ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. ಪೊನ್ನಮ್ಮನ ಗಂಡನ ಅಣ್ಣ, ಮನೆಯ ಯಜಮಾನ ಉತ್ತಯ್ಯನಿಗೆ ಈಚೆಗೆ ಆ ಮರಗಳ ಮೇಲೆ ಕಣ್ಣು ಬಿದ್ದಿತ್ತು. ಫ್ರೇಸರ್‌ಪೇಟೆಯ ಮರದ ಸಾಹುಕಾರ ಕೃಷ್ಣಪ್ಪ ಎರಡು ಸಲ ಬಂದು, ಮರಗಳನ್ನು ತಬ್ಬಿ ಸುತ್ತಳತೆ ನೋಡಿ, ಕಾಫಿ ಕುಡಿದು ಹೋಗಿದ್ದ. ಉತ್ತಯ್ಯ ಕೆಟ್ಟವನೇನೂ ಅಲ್ಲ. ಮಂಡಿ ನೋವಿನ ಕಾಲೆಳೆದುಕೊಂಡು ಮಲೆ ಹತ್ತಿ, ಜಿಗಣೆ ಕಚ್ಚಿಸಿಕೊಂಡು ಕೊಯ್ದ ಏಲಕ್ಕಿಯನ್ನು ಕೇಳುವವರೇ ಇಲ್ಲವಾದರೆ, ಮರ ಕಡಿದು ಕಾಫಿ ಹಾಕುವುದೇ ಮೇಲು ಎಂದು ಅವನಿಗೆ ಕಂಡಿತ್ತು, ಅಷ್ಟೆ. ಕಾಫಿಗೂ ನೆರಳು ಬೇಕಲ್ಲ ಎಂದರೆ, ಅದಕ್ಕೆ ಇಷ್ಟು ಬೇಡ ಎನ್ನುತ್ತಿದ್ದ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಪೊನ್ನಮ್ಮ ಮಾತು ತೆಗೆದಳು.

"ಬಾವ, ಕರಾಚಿ ಬಾಗಿಲು ತೆಗ್ದಾತಲ್ಲ. ಮರದ ಮಾತು ಇನ್ನು ಬೇಡ."

"ತೆಗ್ದ ಬಾಗಿಲು ಮುಚ್ಚಿಕೆ ಎಷ್ಟು ಹೊತ್ತು ಬೇಕು?" ಉತ್ತಯ್ಯ ಸಾರು ಕಲಸುತ್ತ ಹೇಳಿದ. "ನಾಳೆ ಎರಡು ಸರ್ಕಾರವೂ ಮತ್ತೆ ಜಗಳ ಆಡಿವೆ. ಅವ್ರ ಮುಖ ನೋಡ್ಕಂಡು ನಾವು ಬದ್ಕಿಕೆ ಆದೆಯಾ?"

"ಒಂದು ಸಲ ಕಳ್ಸಿ ನೋಡೊಕು."

"ನೀ ಎಂತ ಹೇಳ್ದೆ ದೇರಪ್ಪ?" ಉತ್ತಯ್ಯ ತಮ್ಮನನ್ನು ಕೇಳಿದ.

ಪೊನ್ನಮ್ಮನ ಗಂಡ ದೇರಪ್ಪ ಅಣ್ಣನ ಮಾತಿಗೂ ಹೆಂಡತಿಯ ಮಾತಿಗೂ ಒಂದೇ ಸಮನೆ ತಲೆಯಾಡಿಸುವ ಮನುಷ್ಯ. "ಅದೂ ಸರಿ, ಇದೂ ಸರಿ," ಎಂದು ಮಜ್ಜಿಗೆ ಬಡಿಸಿಕೊಂಡ.

"ಇವ್ನ ಕೇಳ್ದ ನಂಗೇ ಬುದ್ಧಿ ಇಲ್ಲೆ," ಎಂದ ಉತ್ತಯ್ಯ. ಆಮೇಲೆ ಪೊನ್ನಮ್ಮನ ಕಡೆ ತಿರುಗಿ, "ಬಿಸು ಸಂಕ್ರಮಣದ ವರೆಗೆ ಕಾಯ್ತೆ. ಅಷ್ಟರೊಳಗೆ ಮಾಲು ಮಡಿಕೇರಿ ದಾಟಿ ಹೋದ್ರೆ ಮಲೆ ನಿಂದು, ನಾ ಬಾಯಿ ತೆಗೆಯೂದಿಲ್ಲೆ. ಹೋಗದಿದ್ದರೆ ಕೃಷ್ಣಪ್ಪನ ಕೊಡಲಿ. ಆತಾ?"

"ಆತ್," ಎಂದಳು ಪೊನ್ನಮ್ಮ. ಅವಳ ಎಲೆಯಲ್ಲಿ ಅನ್ನ ಹಾಗೇ ಇತ್ತು.

ಬಾಗಿಲು ತೆಗೆದಿದ್ದರೂ ಹಾರು ಹೊಡೆದು ತೆಗೆದಿರಲಿಲ್ಲ. ಇಷ್ಟೇ ಮಾಲು, ಇಂಥ ಬಂದರಿನಿಂದ, ಪರ್ಮಿಟ್ ಇದ್ದವರು ಮಾತ್ರ ಎಂದು ಕಟ್ಟಳೆ ಇತ್ತು. ಮೊಯ್ದು ಕಾಕ ಮಡಿಕೇರಿಗೆ ನಾಲ್ಕಾರು ಸಲ ಓಡಾಡಿದ. ಒಬ್ಬೊಬ್ಬರಿಗೆ ಬೇರೆ ಬೇರೆ ಪರ್ಮಿಟ್ ಸಿಗುವುದಿಲ್ಲ, ಊರಿನವರೆಲ್ಲ ಒಟ್ಟಾಗಿ ಒಂದು ತೆಗೆದುಕೊಳ್ಳಿ ಎಂದರಂತೆ. ಊರಿನ ಏಲಕ್ಕಿ ಮನೆಗಳವರೆಲ್ಲ ಸೇರಿದರು. ಹಿರಿಯ ಎಂದು ಉತ್ತಯ್ಯನ ಹೆಸರಲ್ಲೇ ಪರ್ಮಿಟ್ ಬಂತು. ಬೇಡ ಎಂದವನ ಹೆಸರಲ್ಲೇ ಬಂತಲ್ಲ ಎಂದು ಪೊನ್ನಮ್ಮನಿಗೆ ನಗು. ಉತ್ತಯ್ಯನಿಗೂ ಒಳಗೊಳಗೆ ಹೆಮ್ಮೆಯೇ. ಮೀಸೆಗೆ ಎಣ್ಣೆ ಹಚ್ಚಿದ.

ಚೀಲ ಕಟ್ಟುವ ದಿನ ಎಲ್ಲ ಮನೆಗಳ ಮಾಲೂ ಪೊನ್ನಮ್ಮನ ಅಂಗಳಕ್ಕೆ ಬಂತು. ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಕೇರಿ, ಬಿರಿದದ್ದು, ಬಣ್ಣಗೆಟ್ಟದ್ದು ತೆಗೆದರು. ಹಸಿರು ಕಾಯಿ ಮಾತ್ರ ರಾಶಿಗೆ ಬಿತ್ತು. ದೇರಪ್ಪ ತಕ್ಕಡಿ ಹಿಡಿದು ಪರ್ಮಿಟ್ಟಿನಲ್ಲಿ ಬರೆದ ತೂಕಕ್ಕೆ ಸರಿಯಾಗಿ, ಮುಳ್ಳು ಅಲ್ಲಾಡದ ಹಾಗೆ ತೂಗಿ ತೂಗಿ ಸುರಿದ. ತೂಕದಲ್ಲಿ ದೇರಪ್ಪನ ಮೇಲೆ ಯಾರಿಗೂ ಸಂಶಯವಿಲ್ಲ. ಮಾತಿನಲ್ಲಿ ಅತ್ತಿತ್ತ ವಾಲುವ ಅವನು ತಕ್ಕಡಿ ವಾಲಲು ಬಿಡುವವನಲ್ಲ.

ಚೀಲ ತುಂಬಿ, ಹೊಲಿಯುವ ಮೊದಲು, ಪೊಲಿ ಹಾಕಬೇಕು.

ಇದು ಆ ಊರಿನ ರೂಢಿ. ಹುತ್ತರಿ ದಿನ ಮೊದಲ ಕದಿರು ತೆಗೆಯುವಾಗ ಗಂಡಸರು ಗದ್ದೆಯಲ್ಲಿ ನಿಂತು, ಬೆಳೆ ಹೆಚ್ಚಲಿ ಎಂದು "ಪೊಲಿ ಪೊಲಿ" ಎಂದು ಕೂಗುತ್ತಾರಲ್ಲ, ಅದೇ ಪೊಲಿ. ಬೆಳೆದದ್ದು ಮನೆಯಿಂದ ಹೊರಗೆ ಹೋಗುವಾಗ ಆ ಮನೆಯ ಹೆಂಗಸು ಎರಡು ಕೈ ಸೇರಿಸಿ ಒಂದು ಬೊಗಸೆ ಮೇಲಿಂದ ಹಾಕಿ "ಪೊಲಿ ಪೊಲಿ" ಎನ್ನಬೇಕು. ಅಳತೆಗಿಂತ ಹೆಚ್ಚು ಹೋದ ಆ ಬೊಗಸೆಯೇ ಬರುವ ವರ್ಷದ ಬೆಳೆಯನ್ನು ಕರೆತರುವುದು. ಹಾಕಿದ ಪೊಲಿಯನ್ನು ಮರಳಿ ತೆಗೆದರೆ ಬರುವ ಬೆಳೆಯನ್ನು ಬಾಗಿಲಿಂದ ಅಟ್ಟಿದ ಹಾಗೆ. ಪೊನ್ನಮ್ಮನ ಅತ್ತೆ ಹಾಗೆ ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ.

ಪೊನ್ನಮ್ಮ ಮೊದಲ ಚೀಲಕ್ಕೆ ತನ್ನ ಬೊಗಸೆ ಹಾಕಿದಳು. ಹಿಂದಿನಿಂದ ಕೆಳಮನೆಯ ಕಮಲ ಬಂದಳು.

"ನಾನೂ ಹಾಕೊಕಲ್ಲ ಅಕ್ಕ. ನಮ್ಮ ಏಲಕ್ಕಿಯೂ ಇದ್ರೊಳಗೆ ಉಟ್ಟಲ್ಲ."

"ಹೌದಲ್ಲ. ಹಾಕ್."

ಕಮಲ ಹಾಕಿದ ಮೇಲೆ ತೋಡಿನಾಚೆಯ ಯಮುನ ಬಿಡುವಳೆ? ಅವಳ ಹಿಂದೆ ಅವಳ ಓರಗಿತ್ತಿ. ಎಲ್ಲರ ಮಾಲೂ ಎಲ್ಲ ಚೀಲದಲ್ಲೂ ಬೆರೆತಿತ್ತು. ಆದ್ದರಿಂದ ಎಲ್ಲ ಹೆಂಗಸರೂ ಎಲ್ಲ ಚೀಲಕ್ಕೂ ಬೊಗಸೆ ಹಾಕಿದರು. ಬಡವರ ಮನೆ, ಉಳ್ಳವರ ಮನೆ ಎಂದಿಲ್ಲ. ಕರಾಚಿಗೆ ಹೋಗುವ ಚೀಲ. ತನ್ನ ಬೊಗಸೆ ಚಿಕ್ಕದು ಎನ್ನಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಚೀಲದ ಬಾಯಿ ಹಿಡಿದು ನಿಂತಿದ್ದ ಉತ್ತಯ್ಯನ ತೋಳು ಸೋತಿತು.

"ಇದೆಂತ ಮದುವೆ ಮನೆ ಅಕ್ಕಿ ಹಾಕೂದಾ?" ಎಂದ. "ಬೇಗ ಬೇಗ ಬನ್ನಿ. ಕರಾಚಿಯವಕ್ಕೆ ಇದೆಲ್ಲ ಎಂತ ಗೊತ್ತು?"

"ಅವಕ್ಕೆ ಗೊತ್ತಿಲ್ಲದಿದ್ರೆ ಬೇಡ ಬಾವ. ಏಲಕ್ಕಿಗೆ ಗೊತ್ತುಟ್ಟು," ಎಂದಳು ಕಮಲ. ಅಂಗಳವೆಲ್ಲ ನಕ್ಕಿತು. ಉತ್ತಯ್ಯನೂ ನಕ್ಕು, ಜಾರುತ್ತಿದ್ದ ಗೋಣಿಯ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ತೂಕದ ಮಾತು ಯಾರ ತಲೆಗೂ ಬರಲಿಲ್ಲ. ಪೊಲಿ ಎಂದರೆ ತೂಕದ ಹೊರಗಿನದು. ಅದನ್ನು ತೂಗುವುದುಂಟೆ?

ಚೀಲಗಳು ತಲೆಹೊರೆಯಲ್ಲಿ ಭಾಗಮಂಡಲಕ್ಕೆ ಇಳಿದು, ಅಲ್ಲಿಂದ ಲಾರಿ ಹತ್ತಿ, ಬಿಸು ಸಂಕ್ರಮಣದ ಹಿಂದಿನ ದಿನ ಮಡಿಕೇರಿ ಸೇರಿದವು. ಮುಂದಿನ ಸೀಟಿನಲ್ಲಿ ಡ್ರೈವರನ ಜೊತೆ ಉತ್ತಯ್ಯ, ಪೊನ್ನಮ್ಮ. ಹಿಂದೆ ಚೀಲಗಳ ಮೇಲೆ ಮೊಯ್ದು ಕಾಕ, ಕೊಡೆ ಬಿಚ್ಚಿಕೊಂಡು. ಹೆಂಗಸು ಯಾಕೆ ಎಂದು ಉತ್ತಯ್ಯ ಕೇಳಿದ್ದಕ್ಕೆ ಪೊನ್ನಮ್ಮ, "ಮಲೆ ನಂದಾದೆಯೋ ಇಲ್ಲೆಯೋ ನಾನೇ ನೋಡೊಕು," ಎಂದಿದ್ದಳು.

ಕೋಟೆಯ ಕೆಳಗಿನ ಒಂದು ಗೋದಾಮಿನಲ್ಲಿ ಮಾಲು ತೂಗಿ, ಚೀಲದ ಬಾಯಿಗೆ ಸೀಸದ ಮುದ್ರೆ ಒತ್ತಬೇಕು. ಮುದ್ರೆ ಬಿದ್ದರೆ ಮಂಗಳೂರಿನವರೆಗೂ ಯಾರೂ ಕೇಳುವುದಿಲ್ಲ. ಮಂಜಿ ಹೊರಡಲು ಇನ್ನು ಹೆಚ್ಚು ದಿನವಿರಲಿಲ್ಲ. ಮಳೆಗಾಲ ಹತ್ತಿರ ಬಂದರೆ ಅದು ಕಡಲಿಗೇ ಇಳಿಯುವುದಿಲ್ಲ. ತೂಗಿಸುವ ಅಧಿಕಾರಿ ಶಿವಶಂಕರಪ್ಪ ಎಂಬವನು. ಹಾಸನದ ಕಡೆಯವನು, ಮಡಿಕೇರಿಯ ಚಳಿಗೆ ಏಪ್ರಿಲಿನಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ಬಂದವರನ್ನು ಕೂರಿಸಿ ಮಾತಾಡಿಸಿದ. ಒಳ್ಳೆಯವನ ಹಾಗೆಯೇ ಕಂಡ.

ಮೊದಲ ಚೀಲ ತಕ್ಕಡಿ ಏರಿತು. ಶಿವಶಂಕರಪ್ಪ ಹುಬ್ಬು ಗಂಟಿಕ್ಕಿದ. ಎರಡನೆಯದು ಏರಿತು. ಮೂರನೆಯದು ಏರುವಾಗ ಅವನು ಎದ್ದೇ ನಿಂತ.

"ಇದೇನ್ರೀ ಯಜಮಾನ್ರೇ? ಒಂದೊಂದು ಚೀಲಾನೂ ಹೆಚ್ಚು ತೂಗ್ತದೆ!"

ಪೊನ್ನಮ್ಮನ ಎದೆ ಹಗುರವಾಯಿತು. "ಹೆಚ್ಚೇ ಅಲ್ಲವಾ ಸಾರ್, ಕಡಿಮೆ ಅಲ್ಲವಲ್ಲ?"

"ಅಮ್ಮಾ, ಸಂತೆಯಲ್ಲಿ ಹೆಚ್ಚು ಕೊಟ್ಟರೆ ಪುಣ್ಯ. ಇಲ್ಲಿ ಹೆಚ್ಚು ಕೊಟ್ಟರೆ ಕಳ್ಳಸಾಗಣೆ."

ಮೊಯ್ದು ಕಾಕ ಮೆಲ್ಲಗೆ ಕೆಮ್ಮಿ, "ಸಾರ್, ದಾರಿಯಲ್ಲಿ ಮಂಜು ಕುಡಿದಿರಬೇಕು. ಏಲಕ್ಕಿ ಅಲ್ಲವಾ, ತೇವ ಎಳೀತದೆ."

"ಈ ಬಿಸಿಲಲ್ಲಿ ಮಂಜಾ?"

"ನಮ್ಮ ಭಾಗಮಂಡಲ ಸಾರ್, ಅಲ್ಲಿ..."

"ಕಾಕ, ನೀವು ಸುಮ್ನಿರಿ. ಚೀಲ ಕೊಳದಲ್ಲಿ ಅದ್ದಿದರೂ ಇಷ್ಟು ಹೆಚ್ಚೋದಿಲ್ಲ." ಶಿವಶಂಕರಪ್ಪ ಮಫ್ಲರ್ ಸಡಿಲಿಸಿಕೊಂಡ. ಅವನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾದ ಹಾಗಿತ್ತು. "ನೋಡಿ, ಎರಡು ವರ್ಷ ಮುಚ್ಚಿದ್ದ ಬಾಗಿಲು. ಈಗ ಒಂದು ಬೆರಳಷ್ಟು ತೆಗೆದವ್ರೆ. ಕೊಡಗಿನಿಂದ ನನ್ನ ಕೈಯಿಂದ ಹೋಗ್ತಿರೋ ಮೊದಲನೇ ಮಾಲು ಇದು. ಪರ್ಮಿಟ್ಟಿಗಿಂತ ಹೆಚ್ಚು ಮಾಲು ಚೀಲದೊಳಗೆ ಅಡಗಿಸಿ ಕಳಿಸಿದರು ಅಂತ ಮಂಗಳೂರಿನಲ್ಲಿ ಯಾರಾದ್ರೂ ಬರೆದರೆ, ನಿಮ್ಮದು ಮಾತ್ರ ಅಲ್ಲ, ಎಲ್ಲರದ್ದೂ ಮುಚ್ತಾರೆ. ಹೇಳಿ, ಈ ಹೆಚ್ಚಿನ ಮಾಲು ಯಾರಿಗೆ?"

"ಯಾರಿಗೂ ಅಲ್ಲ ಸಾರ್. ಅದು ಪೊಲಿ," ಎಂದಳು ಪೊನ್ನಮ್ಮ. ಬೊಗಸೆಯ ಕತೆಯನ್ನೆಲ್ಲ ಹೇಳಿದಳು. ಕಮಲ, ಯಮುನ, ಓರಗಿತ್ತಿಯರು, ಎಲ್ಲರೂ ಅದರೊಳಗೆ ಬಂದರು. ಹೇಳುತ್ತ ಹೇಳುತ್ತ ಅವಳಿಗೇ ಅದು ಹೇಗೆ ಕೇಳಿಸುತ್ತಿದೆ ಎಂದು ಗೊತ್ತಾಯಿತು. ಸಿಕ್ಕಿಬಿದ್ದ ಕಳ್ಳ ಅಲ್ಲೇ ಹೆಣೆದ ಕತೆಯ ಹಾಗಿತ್ತು.

ಶಿವಶಂಕರಪ್ಪ ಕೊನೆಯವರೆಗೂ ಕೇಳಿದ. "ಅಮ್ಮಾ, ನಿಮ್ಮನ್ನ ನಂಬಬೇಕು ಅಂತ್ಲೇ ನನ್ನ ಆಸೆ. ಆದ್ರೆ ಪರ್ಮಿಟ್ ನಿಮ್ಮ ಹೆಸರಲ್ಲಿಲ್ಲ. ಯಜಮಾನರ ಹೆಸರಲ್ಲಿದೆ. ಮುದ್ರೆ ಬೀಳೋ ಮೊದಲು, ಇದು ಹಿಂಗಿಂಗೆ ಆಯ್ತು, ನನಗೆ ಗೊತ್ತಿದ್ದೇ ಆಯ್ತು, ಇದರಲ್ಲಿ ಮೋಸವಿಲ್ಲ ಅಂತ ಅವರು ಬಾಯಿಬಿಟ್ಟು ಹೇಳಿದರೆ, ಹೆಚ್ಚಾದ್ದು ತೆಗೆದು ತಿದ್ದೋಕೆ ನನಗೆ ಅಧಿಕಾರ ಇದೆ. ನನಗೆ ಗೊತ್ತಿಲ್ಲ ಅಂದ್ರೆ, ಮಾಲು ಇಲ್ಲೇ ನಿಲ್ಲಿಸಿ ಮೇಲಕ್ಕೆ ಬರೆದು ಕೇಳಬೇಕು. ಉತ್ತರ ಯಾವಾಗ ಬರ್ತದೋ ದೇವರೇ ಬಲ್ಲ."

ಎಲ್ಲರೂ ಉತ್ತಯ್ಯ ಕೂತಿದ್ದ ಕಡೆ ನೋಡಿದರು. ಪೊನ್ನಮ್ಮನ ಕತೆ ಕೇಳಿಸಿಕೊಂಡವನು ಅಷ್ಟರಲ್ಲಿ ಹೊರಗೆ ಜಾರಿದ್ದ.

ಪೊನ್ನಮ್ಮ ಬಾಗಿಲಿಗೆ ಬಂದಳು. ರಸ್ತೆಯಾಚೆ ಕಾಫಿ ಹೋಟೆಲಿನ ಮುಂದೆ ಉತ್ತಯ್ಯ ನಿಂತಿದ್ದ. ಎದುರಿಗೆ ಬಿಳಿ ಕೋಟಿನ ಕೃಷ್ಣಪ್ಪ, ಮರದ ಸಾಹುಕಾರ. ಎಲ್ಲ ಮೊದಲೇ ಮಾತಾಡಿಕೊಂಡದ್ದೇ ಇರಬೇಕು. ನಾಳೆ ಬಿಸು ಅಲ್ಲವೆ. ಕೃಷ್ಣಪ್ಪ ಉತ್ತಯ್ಯನ ಹೆಗಲ ಮೇಲೆ ಕೈ ಇಟ್ಟು ಏನೋ ಹೇಳಿ ನಕ್ಕ. ಪೊನ್ನಮ್ಮನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ: "ಏನಿಲ್ಲ ಕಣಣ್ಣ, ಗೊತ್ತಿಲ್ಲ ಅನ್ನು, ಸುಮ್ಕೆ ಬಂದ್ಬುಡು. ಅಷ್ಟೇಯ."

ಗೋದಾಮಿನ ಮಾತು, ಯಾವ ಹಮಾಲನ ಬಾಯಿಂದಲೋ, ಅಷ್ಟು ಬೇಗ ರಸ್ತೆ ದಾಟಿತ್ತು.

ಉತ್ತಯ್ಯ ಕುಂಟುತ್ತ ರಸ್ತೆ ದಾಟಿ ಬಂದ. ಬಾಗಿಲಲ್ಲಿ ನಿಂತ ಪೊನ್ನಮ್ಮನ ಮುಖ ನೋಡಲಿಲ್ಲ. ಅವಳಿಗೆ ಹೇಳಲು ಎಷ್ಟೋ ಮಾತಿತ್ತು. ತೋಡಿನ ನೀರಿನ ಮಾತಿತ್ತು, ಅತ್ತೆಯ ಮಾತಿತ್ತು. ಆದರೆ ಮನುಷ್ಯನನ್ನು ಮೂಲೆಗೆ ಒತ್ತಿದರೆ ಅವನು ಸುಳ್ಳಿನ ಕಡೆಗೇ ಹಾರುತ್ತಾನೆ ಎಂದು ಸಂಸಾರ ಮಾಡಿ ಕಲಿತವಳು ಅವಳು. ಬಾಗಿಲ ಅಡ್ಡದಿಂದ ಸರಿದು ದಾರಿ ಬಿಟ್ಟಳು.

"ಕಾಲು ನೋಡ್ಕಂಡು ಬನ್ನಿ ಬಾವ. ಹೊಸ್ತಿಲು ಎತ್ತರ ಉಟ್ಟು," ಎಂದಳು, ಅಷ್ಟೆ.

ಶಿವಶಂಕರಪ್ಪ ಅದೇ ಪ್ರಶ್ನೆಯನ್ನು ಉತ್ತಯ್ಯನಿಗೆ ಕೇಳಿದ. ಚೀಲದಲ್ಲಿ ಹೆಚ್ಚು ಮಾಲಿರುವುದು ನಿಮಗೆ ಗೊತ್ತಿತ್ತೆ, ಇಲ್ಲವೆ?

ಉತ್ತಯ್ಯ ತಕ್ಕಡಿಯ ಮೇಲೆ ಕೂತಿದ್ದ ಚೀಲ ನೋಡಿದ. ಅದರ ಬಾಯಿಯನ್ನು ತಾನು ಎಳೆದು ಹಿಡಿದ ಕಡೆ ಗೋಣಿ ಇನ್ನೂ ಸುಕ್ಕಾಗಿತ್ತು. ಒಂದು ಮಾತು. ಗೊತ್ತಿಲ್ಲ. ಸುಳ್ಳು ಎಂದು ಯಾರೂ ಹೇಳಲಾರರು. ತೂಕ ಹೆಚ್ಚಾಗುತ್ತದೆ ಎಂದು ನಿಜವಾಗಿಯೂ ಅವನಿಗೆ ಹೊಳೆದಿರಲಿಲ್ಲವಲ್ಲ.

"ಇವ್ಳು ಹೇಳ್ದದ್ದು ಸುಳ್ಳು," ಎಂದ ಉತ್ತಯ್ಯ.

ಪೊನ್ನಮ್ಮ ಕಣ್ಣು ಮುಚ್ಚಿದಳು.

"ಹೆಂಗಸರು ಹಾಕ್ದವು ಅಂತ ಹೇಳ್ದಳು. ಹೆಂಗಸರು ಮಾತ್ರ ಅಲ್ಲ ಸಾರ್. ಚೀಲದ ಬಾಯಿ ಹಿಡ್ದು ನಿಂತವ ನಾನು. ಎಲ್ಲ ಬೊಗಸೆನೂ ನನ್ನ ಕಣ್ಣ ಮುಂದೆಯೇ ಬಿದ್ದದ್ದು. ನಗೆ ಬಾತ್, ಬೇಡ ಅಂತ ಹೇಳಿಲ್ಲೆ. ನಮ್ಮ ಅವ್ವನೂ ಹಂಗೇ ಹಾಕ್ತಿತ್ತ್. ಆಗ್ಲೂ ಬಾಯಿ ಹಿಡಿಯೂದು ನನ್ನದೇ ಕೆಲ್ಸ." ಅವನು ಚೀಲದ ಸುಕ್ಕಿನ ಮೇಲೆ ಕೈ ಇಟ್ಟ. "ಮೋಸ ಇಲ್ಲೆ ಸಾರ್. ಮೋಸ ಮಾಡೂಕೆ ಗೊತ್ತಿದ್ರೆ ಕಡಿಮೆ ಹಾಕ್ತಿದ್ದೆವು."

ಶಿವಶಂಕರಪ್ಪ ಬಾಯಿಗೆ ಮಫ್ಲರ್ ಅಡ್ಡ ಹಿಡಿದು ನಕ್ಕುಬಿಟ್ಟ. ಗೋದಾಮಿನ ಹಮಾಲರೂ ನಕ್ಕರು. ರಸ್ತೆಯಾಚೆ ಕೃಷ್ಣಪ್ಪ ಕತ್ತು ಉದ್ದ ಮಾಡಿ ನೋಡುತ್ತಿದ್ದ.

"ಸರಿ ಬಿಡಿ. ಬಾಯಿ ಬಿಚ್ಚಿ, ಹೆಚ್ಚಾದ್ದು ತೆಗೀರಿ," ಎಂದ ಶಿವಶಂಕರಪ್ಪ.

ಹಮಾಲ ಹೊಲಿಗೆಗೆ ಕೈ ಹಾಕಿದ್ದೇ, "ಬೇಡ!" ಎಂದು ಪೊನ್ನಮ್ಮ ಕೂಗಿದಳು. ಅವಳ ಕೂಗಿಗೆ ಅವಳೇ ಬೆಚ್ಚಿದಳು. "ಮೇಲಿರೂದು ಪೊಲಿ ಸಾರ್. ಅದ್ನ ಮಾತ್ರ ತೆಗೆಯೂಕಿಲ್ಲೆ. ಊರಿನ ಹೆಂಗಸರಿಗೆ ನಾ ಎಂತ ಹೇಳ್ಲಿ?"

"ಅಯ್ಯೋ ಶಿವನೇ! ಈಗ ತಾನೆ ಬಗೆಹರೀತು ಅಂದ್ಕೊಂಡೆ. ತೆಗೀದೆ ಇದ್ರೆ ತೂಕ ಕಡಿಮೆ ಹೆಂಗಮ್ಮಾ ಆಗ್ತದೆ?"

ಉತ್ತಯ್ಯ ಹಣೆ ಚಚ್ಚಿಕೊಂಡ. "ನಾ ಅಲ್ಲಿ ರಸ್ತೆಲೇ ನಿಂತಿರೊಕಾಗಿತ್ತ್."

ಪೊನ್ನಮ್ಮ ಚೀಲದ ಸುತ್ತ ಒಂದು ಸುತ್ತು ಬಂದಳು. ಅಡುಗೆಮನೆಯಲ್ಲಿ ಅಕ್ಕಿಯ ಗೋಣಿಗೆ ಇಲಿ ತೂತು ಕೊರೆದಾಗ ಅಕ್ಕಿ ಹೇಗೆ ಹೋಗುತ್ತದೆ ಎಂದು ಕಂಡವಳಿಗೆ ಹೊಳೆಯುವುದೇ ಹೊಳೆಯಿತು.

"ಸಾರ್, ಹೆಚ್ಚಾದ್ದು ಹೋದ್ರೆ ಸಾಕಲ್ಲ ನಿಮ್ಗೆ? ಯಾವ ಕಡೆಂದ ಹೋದ್ರೂ ಆದೆಯಲ್ಲ?"

"ಆಗ್ತದೆ. ಯಾಕೆ?"

"ಚೀಲ ಮಗಚಿ ಹಾಕೂಕೆ ಹೇಳಿ. ತಳದ ಮೂಲೆ ಬಿಚ್ಚೊಕು. ಇಲಿ ತೆಗ್ದ ಹಂಗೆ ಕೆಳಗಿಂದ ತೆಗೆಯೂದು. ಮೇಲಿನ ಪೊಲಿ ಮೇಲೇ ಇರ್ಲಿ."

ಶಿವಶಂಕರಪ್ಪ ಅವಳನ್ನು ನೋಡಿದ, ಚೀಲವನ್ನು ನೋಡಿದ. "ಬೀರಾ," ಎಂದು ಹಮಾಲನನ್ನು ಕರೆದ, "ಅಮ್ಮ ಹೇಳಿದಂಗೆ ಮಾಡಪ್ಪ. ತಳದಿಂದ ತೆಗಿ."

ಒಂದೊಂದೇ ಚೀಲದ ತಳದ ಮೂಲೆ ಬಿಚ್ಚಿ, ತೂಕ ಸರಿಯಾಗುವಷ್ಟು ಸುರಿದು, ಮತ್ತೆ ಹೊಲಿದು, ಬಾಯಿಗೆ ಸೀಸದ ಮುದ್ರೆ ಒತ್ತಿದರು. ಗೋದಾಮಿನ ತುಂಬ ಏಲಕ್ಕಿಯ ಕಂಪು ಏರಿತು. ತೆಗೆದದ್ದು ಒಂದು ಚಾಪೆಯ ಮೇಲೆ ಗುಡ್ಡೆಯಾಯಿತು. ತಳದ್ದಾದ್ದರಿಂದ ಅದು ಪೊಲಿಯಲ್ಲ, ಬರಿಯ ಏಲಕ್ಕಿ. ಮನೆಗೆ ತಂದರೂ ದೋಷವಿಲ್ಲ. ಆದರೂ ಕರಾಚಿಗೆಂದು ಹೊರಟದ್ದನ್ನು ಮರಳಿ ಹೊತ್ತುಕೊಂಡು ಹೋಗಲು ಪೊನ್ನಮ್ಮನಿಗೆ ಮನಸ್ಸಾಗಲಿಲ್ಲ.

"ಸಾರ್, ನಿಮ್ಮ ಮನೆಗೆ ಒಂದಿಷ್ಟು..." ಎಂದು ಶುರು ಮಾಡಿದಳು.

"ಅಮ್ಮಾ! ಈಗ ನನ್ನನ್ನೂ ಜೈಲಿಗೆ ಕಳಿಸ್ತೀರಾ?" ಶಿವಶಂಕರಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಗುಡ್ಡೆಯ ಕಡೆ ಕೈ ತೋರಿಸಿ ಹೇಳಿದ: "ಒಂದು ದಾರಿ ಇದೆ. ಮಾಲಿನ ಜೊತೆ ಹೊಸ ವ್ಯಾಪಾರಿಗಳಿಗೆ ಮಾದರಿ ಅಂತ ಸಣ್ಣ ಸಣ್ಣ ಪೊಟ್ಟಣ ಕಳಿಸೋಕೆ ಅವಕಾಶ ಕೊಟ್ಟವ್ರೆ. ಅದು ಪರ್ಮಿಟ್ಟಿನ ತೂಕಕ್ಕೆ ಸೇರೋದಿಲ್ಲ. ಆದ್ರೆ ಪೊಟ್ಟಣದ ಮೇಲೆ ಯಾರಿಗೆ ಅಂತ ಹೆಸರು ಇರಬೇಕು. ಕರಾಚಿಯಲ್ಲಿ ನಿಮಗೆ ಗೊತ್ತಿರೋರು ಎಷ್ಟು ಜನ?"

ಪೊನ್ನಮ್ಮನಿಗೆ ಗೊತ್ತಿದ್ದ ದೂರದ ಊರೆಂದರೆ ಕೊಡಗಿನದೇ ತುದಿಯ ಕುಟ್ಟ. ಅವಳೂ ಉತ್ತಯ್ಯನೂ ಒಟ್ಟಿಗೆ ಮೊಯ್ದು ಕಾಕನ ಕಡೆ ತಿರುಗಿದರು.

ಕಾಕ ಕೊಡೆಯನ್ನು ಗೋಡೆಗೆ ಒರಗಿಸಿ ಮುಂದೆ ಬಂದ. "ನನ್ನ ತಾಯಿಯ ತಮ್ಮನ ಮಗ ಅಲ್ಲಿ ಚಹಾದ ಹೋಟೆಲ್ ಇಟ್ಟಿದ್ದಾನೆ ಸಾರ್. ಅವನ ಷಡ್ಡಕ ಇಟ್ಟಿದ್ದಾನೆ. ಅವನ ನೆರೆಮನೆಯವನೂ ಇಟ್ಟಿದ್ದಾನೆ. ನಮ್ಮ ಮಲಬಾರಿನ ಅರ್ಧ ಜನ ಅಲ್ಲಿ ಚಹಾ ಕಾಸೋದೇ ಕೆಲಸ. ನೀವು ಬರೀರಿ, ನಾನು ಹೆಸರು ಹೇಳ್ತೇನೆ. ನಿಮ್ಮ ಕೈ ನೋಯಬೇಕು."

ಕೈ ನೋಯುವಷ್ಟು ಹೆಸರು ಹೇಳಿಯೇ ಹೇಳಿದ. ಪೊನ್ನಮ್ಮ ಪೊಟ್ಟಣ ಕಟ್ಟಿದಳು, ಉತ್ತಯ್ಯ ದಾರ ಸುತ್ತಿದ. ಪೊಟ್ಟಣ ಮುಗಿದ ಮೇಲೂ ಒಂದಿಷ್ಟು ಉಳಿದಿತ್ತು. ಅದನ್ನು ಹಮಾಲರಿಗೆ, ಲಾರಿ ಡ್ರೈವರನಿಗೆ, ನಾಳೆ ಬಿಸುವಿನ ಪಾಯಸಕ್ಕೆ ಹಾಕಿಕೊಳ್ಳಿ ಎಂದು ಹಂಚಿದಳು. ಆಮೇಲೆ ಸೆರಗಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡು ರಸ್ತೆ ದಾಟಿ ಹೋದಳು. ಕೃಷ್ಣಪ್ಪ ಇನ್ನೂ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದ.

"ತಕಳ್ಳಿ ಅಣ್ಣ. ಬಿಸು ಪಾಯಸಕ್ಕೆ. ನಮ್ಮ ಮಲೆಯದ್ದು."

ಕೃಷ್ಣಪ್ಪ ಕೈ ಒಡ್ಡಿ ಇಸಕೊಂಡ. ಮೂಸಿ ನೋಡಿದ. ವ್ಯಾಪಾರದವನು, ಸೋಲು ಗೆಲುವು ಅವನಿಗೆ ದಿನದ್ದೇ. "ಗಮ್ ಅಂತದೆ ಕಣಮ್ಮ," ಎಂದ. "ಮರ ಬೀಳ್ಸಿದ್ರೆ ಈ ಗಮಲು ಬತ್ತಿರ್ಲಿಲ್ಲ, ಅದು ನಿಜವೇಯ. ನಿಮ್ಮ ಭಾವ ಮನಸು ಬದ್ಲಾಯಿಸಿದ್ರೆ ಹೇಳಿ ಕಳ್ಸಿ."

"ಹೇಳಿ ಕಳ್ಸೂಕೆ ಆಳು ಸಿಕ್ಕಿಕಿಲ್ಲೆ ಅಣ್ಣ. ಏಲಕ್ಕಿ ಕೊಯ್ಲಿಗೇ ಸಾಲೂದಿಲ್ಲೆ," ಎಂದು ಪೊನ್ನಮ್ಮ ನಕ್ಕಳು.

ಮಧ್ಯಾಹ್ನ ಕಳೆಯುವ ಮೊದಲೇ ಲಾರಿ ಮಂಗಳೂರಿನ ದಾರಿ ಹಿಡಿಯಿತು. ಹಿಂದೆ, ಮುದ್ರೆ ಬಿದ್ದ ಚೀಲಗಳ ಮೇಲೆ, ಮೊಯ್ದು ಕಾಕನ ಕೊಡೆ ತಿರುವಿನಲ್ಲಿ ಮರೆಯಾಗುವವರೆಗೂ ಕಾಣುತ್ತಿತ್ತು. ಪೊನ್ನಮ್ಮ, ಉತ್ತಯ್ಯ ಭಾಗಮಂಡಲದ ಬಸ್ಸು ಹತ್ತಿದರು. ಬಸ್ಸು ಮೂರ್ನಾಡು ದಾಟಿತು.

"ಬಾವ," ಪೊನ್ನಮ್ಮ ಕೇಳಿದಳು, "ಗೊತ್ತಿಲ್ಲೆ ಅಂದಿದ್ರೆ ಮುಗೀತಿತ್ತಲ್ಲ. ಯಾಕೆ ಹೇಳಿಲ್ಲೆ?"

ಉತ್ತಯ್ಯ ಕಿಟಕಿಯ ಹೊರಗೆ ನೋಡುತ್ತಿದ್ದ. "ಮರ ಮಾರೊಕು ಅಂತ ಇತ್ತ್. ಅವ್ವನ ಬೊಗಸೆ ಗೊತ್ತಿಲ್ಲೆ ಅನ್ನೂದು ಹೆಂಗೆ?" ಎಂದ. ಮಂಡಿ ಒತ್ತಿಕೊಳ್ಳುತ್ತ, "ಆದ್ರೂ ಮಲೆ ಹತ್ತೂಕೆ ನನ್ನ ಕರಿಬೇಡ. ಮಂಡಿ ನೋವುಟ್ಟು."

"ನೀವು ಹತ್ತೊಕು ಅಂತ ಇಲ್ಲೆ. ಕೆಳಗೆ ಕೂತು ಚೀಲದ ಬಾಯಿ ಹಿಡೀರಿ, ಸಾಕು."

ಮಳೆಗಾಲ ಕಳೆಯಿತು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಜನ ಬಂದು ಹೋದರು. ಮಲೆಯಲ್ಲಿ ಏಲಕ್ಕಿ ಕೊಯ್ಲು ಮುಗಿಯುತ್ತ ಬಂದಿತ್ತು. ಬಾಗಿಲು ಮತ್ತೆ ಮುಚ್ಚುತ್ತದೆ ಎಂದು ಉತ್ತಯ್ಯ ರೇಡಿಯೋ ಇದ್ದವರನ್ನೆಲ್ಲ ಕೇಳುತ್ತಿದ್ದ. ಮುಚ್ಚಿದ ಸುದ್ದಿ ಬಂದಿರಲಿಲ್ಲ. ಅಂಥದೊಂದು ಬೆಳಿಗ್ಗೆ ಗದ್ದೆಯ ಏರಿ ಮೇಲೆ ಮೊಯ್ದು ಕಾಕ ಕಾಣಿಸಿಕೊಂಡ. ಈ ಸಲ ಓಡಲಿಲ್ಲ. ಎಂದಿಗಿಂತ ನಿಧಾನವಾಗಿ, ಅಲ್ಲಲ್ಲಿ ನಿಂತು ಭತ್ತದ ತೆನೆ ನೋಡುತ್ತ, ಕೊಡೆ ಕಂಕುಳಿನಿಂದ ಕಂಕುಳಿಗೆ ಬದಲಿಸುತ್ತ ಬಂದ.

ಪೊನ್ನಮ್ಮ ಅವನನ್ನು ನೋಡುತ್ತಲೇ ಒಳಗೆ ಕೂಗಿ ಹೇಳಿದಳು: "ಬಾವ, ಕರಾಚಿಲಿ ನಮ್ಮ ಏಲಕ್ಕಿಗೆ ಬೇಡಿಕೆ ಜೋರುಟ್ಟು. ಬೆಲೆ ಏರ್ಸಿ ಹೇಳಿ."

"ನಿಂಗೆ ಯಾರು ಹೇಳ್ದು?"

"ಕಾಕನ ನಡಿಗೆ ನೋಡಿ."

ಕಾಕ ಜಗಲಿಗೆ ಬಂದು, ಮಳೆ ಬೆಳೆ ಎಲ್ಲ ವಿಚಾರಿಸಿ, ಎರಡು ಲೋಟ ಕಾಫಿ ಕುಡಿದು, ಕೊನೆಗೆ ಬಾಯಿಬಿಟ್ಟ. ಚೀಲ ಕೊಂಡ ದೊಡ್ಡ ವ್ಯಾಪಾರಿ ಹಿಂದಿನಷ್ಟೇ ಕೇಳಿದ್ದಾನೆ. ಆದರೆ ಪೊಟ್ಟಣ ಹೋಗಿತ್ತಲ್ಲ, ಆ ಚಹಾದ ಹೋಟೆಲಿನವರು ಒಬ್ಬರ ಹಿಂದೊಬ್ಬರು ಕೇಳಿ ಕಳಿಸಿದ್ದಾರೆ. "ಗಿರಾಕಿಗಳು ಇದೇ ಏಲಕ್ಕಿ ಹಾಕಿ ಅಂತಾರಂತೆ. ಬೇರೆ ಹಾಕಿದರೆ ಲೋಟ ಕೆಳಗಿಡ್ತಾರಂತೆ," ಎಂದು ಹೇಳಿ, ಹೇಳಬಾರದ್ದು ಹೇಳಿದೆ ಎಂದು ನಾಲಿಗೆ ಕಚ್ಚಿಕೊಂಡ.

ಹೊಸ ಪರ್ಮಿಟ್ ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಚೀಲ ಕಟ್ಟುವ ದಿನ ಮತ್ತೆ ಎಲ್ಲ ಹೆಂಗಸರೂ ಅಂಗಳಕ್ಕೆ ಬಂದರು. ಮೇಲಿನ ಮಲೆಯಿಂದ ತೋಡು ಇಳಿಯುವ ಸದ್ದು ಕೇಳುತ್ತಿತ್ತು. ದೇರಪ್ಪ ತಕ್ಕಡಿ ಹಿಡಿದು, ಮುಳ್ಳನ್ನು ಸರಿ ನಡುವಿಗೆ ತರಲು ಒಂದೊಂದೇ ಕಾಯಿ ಹಾಕುತ್ತಿದ್ದ. ಕೈ ತೊಳೆದುಕೊಂಡು ಕಮಲ, ಯಮುನ, ಅವಳ ಓರಗಿತ್ತಿ ಸಾಲು ನಿಂತಿದ್ದರು.

"ನಿಲ್ಸ್, ದೇರಪ್ಪ," ಎಂದ ಉತ್ತಯ್ಯ. ಅವನು ಚೀಲದ ಬಾಯಿ ಹಿಡಿದು ಕೂತಿದ್ದ. "ತೂಕ ಪೂರ್ತಿ ಮಾಡ್ಬೇಡ. ಪೊಲಿಗೆ ಜಾಗ ಬಿಡ್."